ನಮ್ಮ ಹೆಣ್ಣುಮಕ್ಕಳ ಓದು ಗುಂಪು: ಪದೇ ಪದೇ ಕೇಳುವ ಪ್ರಶ್ನೆಗಳು

ಸಭೆಯಲ್ಲಿ ಬಾಯಿ ಬಿಡದವರು ಸಭೆ ಮುಗಿದ ಮೇಲೆ ಚಪ್ಪಲಿ ಹುಡುಕುತ್ತಾ ಕೇಳುತ್ತಾರೆ. ಫೋನ್ ಮಾಡಿ ಕೇಳುತ್ತಾರೆ, ಬಸ್ಸಿನಲ್ಲಿ ಸಿಕ್ಕಾಗ ಕೇಳುತ್ತಾರೆ. ಸುಮಾರು ಅವೇ ಪ್ರಶ್ನೆಗಳು. ಅದಕ್ಕೇ ಒಂದು ಕಡೆ ಬರೆದಿಡೋಣ ಅಂತ ಕೂತೆವು. ಇಲ್ಲಿರುವುದೆಲ್ಲ ಕರ್ನಾಟಕದ ಹೆಣ್ಣುಮಕ್ಕಳಿಗೆ ಅನ್ವಯಿಸುವ ವಿಷಯ. ಕಾನೂನಿನ ಮಾತು ಬಂದಲ್ಲಿ ದಾರಿ ತೋರಿಸುವಷ್ಟು ಹೇಳಿದ್ದೇವೆ. ನಿಮ್ಮ ಕಾಗದ ಪತ್ರ ನೋಡದೆ ಪೂರ್ತಿ ಉತ್ತರ ಯಾರೂ ಕೊಡಲಾರರು, ವಕೀಲರೂ ಅಷ್ಟೇ.

ಇದು ಸ್ತ್ರೀಶಕ್ತಿ ಸಂಘದ ತರಾನಾ? ಸಾಲ ಸಿಗುತ್ತಾ?

ಸಾಲ ಸಿಗುವುದಿಲ್ಲ. ಉಳಿತಾಯವೂ ಇಲ್ಲ, ವಾರದ ಕಂತೂ ಇಲ್ಲ. ಮೊದಲೇ ಹೇಳಿಬಿಡುತ್ತೇವೆ, ಯಾಕೆಂದರೆ ಇದನ್ನು ಕೇಳಿ ಎದ್ದು ಹೋದವರು ತುಂಬಾ ಜನ. ನಮಗೆ ಅದರಲ್ಲಿ ಬೇಜಾರಿಲ್ಲ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದ ಮೇಲೆ ಊರೂರಲ್ಲಿ ಹೆಂಗಸರು ಒಟ್ಟಿಗೆ ಕೂರುವುದು ರೂಢಿಯಾಯಿತು. ಅದು ಸಣ್ಣ ವಿಷಯವಲ್ಲ. ಆದರೆ ಸಾಲದ ಗುಂಪಿನಲ್ಲಿ ಮಾತೆಲ್ಲ ಕಂತಿನ ಸುತ್ತಲೇ ತಿರುಗುತ್ತದೆ. ಯಾರು ಕಟ್ಟಿದರು, ಯಾರು ಕಟ್ಟಿಲ್ಲ, ಅಷ್ಟೇ. ಮನೆಯಲ್ಲಿ ಏಟು ತಿಂದವಳು ಅಲ್ಲಿ ಬಾಯಿ ಬಿಡುವುದಿಲ್ಲ.

ಹೀಗೆ ಸಾಲವಿಲ್ಲದ ಗುಂಪು ಕಟ್ಟಿದ್ದು ನಾವೇ ಮೊದಲೇನೂ ಅಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಮಹಿಳಾ ಸಮಖ್ಯ ಅಂತ ಒಂದು ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಅದು ಬೀದರ್, ಆಗಿನ ಬಿಜಾಪುರ ಮತ್ತು ಮೈಸೂರು ಜಿಲ್ಲೆಗಳಲ್ಲಿ ಮೊದಲು ನಡೆಯಿತು. ದುಡ್ಡಿನ ಆಸೆ ತೋರಿಸದೆ ಕೂಲಿ ಹೆಂಗಸರನ್ನು ಕೂರಿಸಿ ಮಾತಾಡಿಸಿದ ಕೆಲಸ ಅದು. ಅಲ್ಲಿ ಬೆಳೆದವರು ಇವತ್ತಿಗೂ ಪಂಚಾಯ್ತಿ ಮೆಂಬರುಗಳ ಎದುರು ಗಟ್ಟಿಯಾಗಿ ಮಾತಾಡುತ್ತಾರೆ.

ಮತ್ತೆ ಏನು ಮಾಡುತ್ತೀರಿ?

ಓದುತ್ತೇವೆ, ಅರ್ಜಿ ಬರೆಯುತ್ತೇವೆ, ಜೊತೆಗೆ ಹೋಗುತ್ತೇವೆ. ಓದು ಅಂದರೆ ಕಥೆಯೂ ಹೌದು, ಪೇಪರೂ ಹೌದು, ಪಹಣಿಯೂ ಹೌದು, ಬ್ಯಾಂಕ್ ಪಾಸ್‌ಬುಕ್ಕೂ ಹೌದು. ಅರ್ಜಿ ಅಂದರೆ ನಾಡಕಚೇರಿಗೆ, ಪಂಚಾಯ್ತಿಗೆ, ಠಾಣೆಗೆ, ಎಲ್ಲಿಗೆ ಬೇಕೋ ಅಲ್ಲಿಗೆ. ಜೊತೆಗೆ ಹೋಗುವುದು ಅಂದರೆ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂರುವುದು. ಮಾತು ನೀವೇ ಆಡಬೇಕು. ನಿಮ್ಮ ಪರವಾಗಿ ನಾವೇ ಮಾತಾಡಿಬಿಟ್ಟರೆ ಮುಂದಿನ ಸಲವೂ ನಾವೇ ಬರಬೇಕಾಗುತ್ತದೆ, ಅಲ್ವಾ?

ಯಾರು ಸೇರಬಹುದು?

ಯಾವ ಹೆಂಗಸಾದರೂ ಸೇರಬಹುದು. ಜಾತಿ, ಧರ್ಮ, ಓದು, ಮದುವೆ ಯಾವುದನ್ನೂ ಕೇಳುವುದಿಲ್ಲ. ಎಲ್ಲರೂ ಒಂದೇ ಚಾಪೆ ಮೇಲೆ ಕೂರುತ್ತಾರೆ, ಒಂದೇ ಪಾತ್ರೆಯ ಚಹಾ ಕುಡಿಯುತ್ತಾರೆ. ಅದು ಆಗಲ್ಲ ಅನ್ನುವವರಿಗೆ ಈ ಗುಂಪು ಸರಿಹೋಗುವುದಿಲ್ಲ.

ನನಗೆ ಓದು ಬರಹ ಬರಲ್ಲ. ಬಂದು ಏನು ಮಾಡಲಿ?

ನೀವೇ ಮೊದಲು ಬರಬೇಕಾದವರು. ಬರೀ ಸಹಿ ಕಲಿಸಿ ಕಳಿಸುವುದು ನಮಗೆ ಇಷ್ಟವಿಲ್ಲ. ಸಹಿ ಬಂದು ಓದು ಬರದಿದ್ದರೆ ಹೆಬ್ಬೆಟ್ಟಿಗಿಂತ ಅಪಾಯ, ಯಾವ ಕಾಗದಕ್ಕೆ ಬೇಕಾದರೂ ಹಾಕಿಸಿಕೊಳ್ಳಬಹುದು. ಆಮೇಲೆ ಕೇಳಿದರೆ "ಸಹಿ ನಿನ್ನದೇ ತಾನೇ" ಅನ್ನುತ್ತಾರೆ. ಅದಕ್ಕೆ ನಾವು ಅ ಆ ಇ ಈ ಯಿಂದ ಶುರು ಮಾಡುವುದಿಲ್ಲ. ನಿಮ್ಮ ಹೆಸರು, ಗಂಡನ ಹೆಸರು, ಊರು, ಸರ್ವೆ ನಂಬರು, ಬಸ್ಸಿನ ಬೋರ್ಡು, ಪಡಿತರ ಚೀಟಿ, ಇಂಥವುಗಳಿಂದ ಅಕ್ಷರ ಹಿಡಿಯುತ್ತೇವೆ. ದಿನಾ ಕಣ್ಣಿಗೆ ಬೀಳುವ ಅಕ್ಷರ ಬೇಗ ಕೂರುತ್ತದೆ.

ಅಕ್ಷರ ಕಲಿಯುವ ತರಗತಿಯಿಂದ ಏನಾಗುತ್ತದೆ ಅಂತ ಕೇಳುವವರಿಗೆ ದೂಬಗುಂಟದ ವಿಷಯ ಹೇಳುತ್ತೇವೆ. ಆಂಧ್ರದ ನೆಲ್ಲೂರು ಜಿಲ್ಲೆಯ ಹಳ್ಳಿ ಅದು. 1992ರಲ್ಲಿ ಅಲ್ಲಿನ ಹೆಂಗಸರು ಸಂಜೆ ಸಾಕ್ಷರತಾ ತರಗತಿಗೆ ಬರುತ್ತಿದ್ದರು. ಕೂಲಿ ದುಡ್ಡೆಲ್ಲ ಸಾರಾಯಿ ಅಂಗಡಿಗೆ ಹೋಗುವ ಮಾತು ಅಲ್ಲಿ ಪಾಠದ ಜೊತೆಗೇ ಬಂತು. ಹೆಂಗಸರು ಸೇರಿ ಊರಿನ ಸಾರಾಯಿ ಮಾರಾಟ ನಿಲ್ಲಿಸಿಬಿಟ್ಟರು. ಸುದ್ದಿ ಊರಿಂದೂರಿಗೆ ಹಬ್ಬಿ, 1993ರ ಅಕ್ಟೋಬರ್‌ನಲ್ಲಿ ಸರ್ಕಾರವೇ ಸಾರಾಯಿ ನಿಷೇಧ ಮಾಡಬೇಕಾಯಿತು. ನಮ್ಮ ರಾಜ್ಯದಲ್ಲಿ ಅದು ಆಗಿದ್ದು 2007ರ ಜುಲೈಯಲ್ಲಿ. ಆಮೇಲೆ ಬಾಟಲಿ ಬಂತು, ಪ್ಯಾಕೆಟ್ ಬಂತು, ಅದು ಬೇರೆ ಕಥೆ.

ಓದಿಸುವವರು ಓದಿಸಿಕೊಂಡು ಇರಬಾರದಾ? ಕಚೇರಿ, ಮನವಿ, ಧರಣಿ ಎಲ್ಲ ಯಾಕೆ?

ಈ ಪ್ರಶ್ನೆ ಗಂಡಸರು ಜಾಸ್ತಿ ಕೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೇಳುವವರೂ ಇದ್ದಾರೆ.

ಓದು ಮತ್ತು ಹಕ್ಕಿನ ಕೆಲಸವನ್ನು ಬೇರೆ ಮಾಡಲು ನೋಡಿದವರಿಗೆ ಆಗಲಿಲ್ಲ. 1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಮೊದಲ ಸಲ ಸೇರಿದಾಗ ವಿಷಯ ಒಂದೇ, ಹೆಣ್ಣುಮಕ್ಕಳ ಶಿಕ್ಷಣ. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅದನ್ನು ಕಟ್ಟಿದವರಲ್ಲಿ ಒಬ್ಬರು. ಶಾಲೆಯ ಮಾತು ತೆಗೆದ ಕೂಡಲೇ ಬಾಲ್ಯವಿವಾಹ ಎದುರಿಗೆ ನಿಂತಿತು. ಹತ್ತು ವರ್ಷಕ್ಕೆ ಮದುವೆ ಮಾಡಿದ ಹುಡುಗಿಯನ್ನು ಯಾವ ಶಾಲೆಗೆ ಸೇರಿಸುತ್ತೀರಿ? ಹಾಗೆ ಅವರು ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆಯ ಪರ ಓಡಾಡಿದರು, 1929ರಲ್ಲಿ ಕಾಯ್ದೆ ಬಂತು.

ಇನ್ನೊಂದು ವಿಶಾಖಾ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ 1997ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಹೆಸರು ಅದು. ವಿಶಾಖಾ ಅಂದರೆ ಒಬ್ಬ ಹೆಂಗಸು ಅಂದುಕೊಂಡವರೇ ಜಾಸ್ತಿ. ಅದು ರಾಜಸ್ಥಾನದ ಮಹಿಳಾ ಶಿಕ್ಷಣ ಮತ್ತು ಸಂಶೋಧನೆಯ ಒಂದು ಗುಂಪು. ಭಂವರಿ ದೇವಿ ಅನ್ನುವ ಸರ್ಕಾರಿ ಕಾರ್ಯಕ್ರಮದ ಕಾರ್ಯಕರ್ತೆ ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಅವರ ಮೇಲೆ ಅತ್ಯಾಚಾರ ಮಾಡಿದರು. ಆ ಅನ್ಯಾಯದ ನಂತರ ಇಂಥ ಗುಂಪುಗಳು ಸೇರಿ ಸುಪ್ರೀಂ ಕೋರ್ಟಿಗೆ ಹೋದವು. ಇವತ್ತು ಕಾರ್ಖಾನೆಯಲ್ಲೋ ಆಫೀಸಿನಲ್ಲೋ ಕಿರುಕುಳದ ದೂರು ಕೇಳುವ ಒಂದು ಸಮಿತಿ ಇದೆ ಅಂದರೆ ಅದರ ಬೇರು ಅಲ್ಲಿದೆ.

ನೀವು ಯಾವ ಪಾರ್ಟಿ?

ಯಾವುದೂ ಅಲ್ಲ. ಚುನಾವಣೆ ಬಂದಾಗ ಯಾರ ಪರವೂ ಪ್ರಚಾರ ಮಾಡುವುದಿಲ್ಲ, ಯಾರ ಸೀರೆಯನ್ನೂ ಹಂಚುವುದಿಲ್ಲ. ನಮ್ಮವರು ಪಂಚಾಯ್ತಿಗೆ ನಿಂತರೆ ಖುಷಿಯೇ, ಆದರೆ ನಿಂತವರು ಗುಂಪಿನ ಹೆಸರು ಬಳಸುವಂತಿಲ್ಲ.

ಇಲ್ಲಿ ಒಂದು ಮಾತು. ನಮ್ಮ ರಾಜ್ಯದಲ್ಲಿ 1987ರ ಚುನಾವಣೆಯಲ್ಲೇ ಹೆಂಗಸರಿಗೆ ಶೇ 25 ಮೀಸಲಾತಿ ಇತ್ತು, ದೇಶಕ್ಕೆಲ್ಲ ಮೂರನೇ ಒಂದು ಭಾಗ ಬರುವ ಮೊದಲೇ. ಈಗ ಪಂಚಾಯ್ತಿಗಳಲ್ಲಿ ಅರ್ಧ ಸೀಟು ಹೆಂಗಸರದ್ದು. ಆದರೂ ಎಷ್ಟೋ ಕಡೆ ಕುರ್ಚಿ ಹೆಂಡತಿಯದ್ದು, ದರ್ಬಾರು ಗಂಡನದ್ದು. ಅಧ್ಯಕ್ಷೆಯ ಯಜಮಾನರು ಸಭೆಯಲ್ಲಿ ಬಂದು ಕೂತರೆ ನಾವು ನಗುನಗುತ್ತಲೇ ಕೇಳುತ್ತೇವೆ, "ಅಣ್ಣಾ, ನಿಮ್ಮ ವಾರ್ಡ್ ಯಾವುದು?" ಬಹಳಷ್ಟು ಸಲ ಅಷ್ಟೇ ಸಾಕು.

ಮನೆಯಲ್ಲಿ ಬಿಡಲ್ಲ. ಏನು ಹೇಳಿ ಬರಲಿ?

ಸುಳ್ಳು ಹೇಳಿ ಬನ್ನಿ ಅಂತ ನಾವು ಹೇಳುವುದಿಲ್ಲ, ಗೊತ್ತಾದ ದಿನ ತೊಂದರೆ ನಿಮಗೇ. ಅತ್ತೆಯನ್ನೂ ಕರೆದುಕೊಂಡು ಬನ್ನಿ. ನಿಜವಾಗಿ ಹೇಳುತ್ತಿದ್ದೇವೆ, ಸೊಸೆಯನ್ನು ಕಾಯಲು ಬಂದ ಅತ್ತೆಯಂದಿರು ಕೆಲವರು ಈಗ ಸೊಸೆಗಿಂತ ಮೊದಲು ಬಂದು ಕೂರುತ್ತಾರೆ. ಸಭೆ ಯಾವಾಗಲೂ ಹಗಲಲ್ಲೇ, ಮಕ್ಕಳು ಶಾಲೆಯಿಂದ ಬರುವುದರೊಳಗೆ ಮುಗಿಯುತ್ತದೆ. ಬಸ್ಸಿನ ಖರ್ಚಿನ ನೆಪ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇಲ್ಲವಾಯಿತು. ಫ್ರೀ ಬಸ್ಸಿನ ಬಗ್ಗೆ ಯಾರು ಏನೇ ಆಡಿಕೊಳ್ಳಲಿ, ದೂರದ ಹಳ್ಳಿಯವರು ನಮ್ಮ ಸಭೆಗೆ ಬರಲು ಶುರು ಮಾಡಿದ್ದು ಆಮೇಲೆಯೇ.

ಗಂಡ ಹೊಡೆಯುತ್ತಾನೆ. ನೀವು ಬಂದು ಬುದ್ಧಿ ಹೇಳುತ್ತೀರಾ?

ಬುದ್ಧಿ ಹೇಳಲು ನಾವು ಹೋಗುವುದಿಲ್ಲ. ನಾವು ಹೋಗಿ ಬಂದ ಮೇಲೆ ಆ ರಾತ್ರಿ ಮನೆಯಲ್ಲಿ ಇರುವವಳು ನೀವು.

ಈಗಲೇ ಅಪಾಯವಿದ್ದರೆ 112ಕ್ಕೆ ಫೋನ್ ಮಾಡಿ. 181 ಹೆಂಗಸರ ಸಹಾಯವಾಣಿ. ನೊಂದ ಹೆಂಗಸರಿಗೆ ನೆರವು ಕೊಡುವ ಸಖಿ ಕೇಂದ್ರ ಜಿಲ್ಲೆಗಳಲ್ಲಿ ಇದೆ, ಸಾಂತ್ವನ ಕೇಂದ್ರಗಳೂ ಇವೆ. ಗಾಯವಾಗಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, "ಜಾರಿ ಬಿದ್ದೆ" ಅನ್ನಬೇಡಿ. ಹೊಡೆದದ್ದು ಅಂತಲೇ ಬರೆಸಿ, ಚೀಟಿ ಜೋಪಾನ ಮಾಡಿ. ಎರಡು ವರ್ಷದ ನಂತರ ಕೋರ್ಟಿನಲ್ಲಿ ನಿಮ್ಮ ಪರ ಮಾತಾಡುವುದು ಆ ಚೀಟಿಯೇ.

ಆಮೇಲಿನ ದಾರಿ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. 2005ರ ಕಾಯ್ದೆ, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ತುಂಬಾ ಜನ ಇದನ್ನು ಗಂಡನನ್ನು ಜೈಲಿಗೆ ಹಾಕುವ ಕಾನೂನು ಅಂದುಕೊಂಡು ಹೆದರುತ್ತಾರೆ. ಹಾಗಲ್ಲ. ಇದರಲ್ಲಿ ಕೇಳುವುದು ರಕ್ಷಣೆ, ಇರಲು ಮನೆ, ಖರ್ಚಿಗೆ ದುಡ್ಡು, ಮಕ್ಕಳು ಸದ್ಯಕ್ಕೆ ಯಾರ ಬಳಿ ಇರಬೇಕು ಎನ್ನುವುದು. ಮ್ಯಾಜಿಸ್ಟ್ರೇಟ್ ಕೊಟ್ಟ ರಕ್ಷಣಾ ಆದೇಶ ಮೀರಿದರೆ ಆಗ ಜೈಲಿನ ಮಾತು ಬರುತ್ತದೆ. ಹೊಡೆತ ಮಾತ್ರ ಅಲ್ಲ, ದುಡ್ಡು ಕೊಡದೆ ಸತಾಯಿಸುವುದು, ದಿನಾ ಹೀಯಾಳಿಸುವುದು ಕೂಡ ಈ ಕಾಯ್ದೆಯಲ್ಲಿ ದೌರ್ಜನ್ಯವೇ. ಹೆಂಡತಿ ಮಾತ್ರ ಕೇಳಬಹುದು ಅಂತಲೂ ಇಲ್ಲ. ತಾಯಿ, ಅಕ್ಕ ತಂಗಿ, ಮದುವೆಯಾಗದೆ ಸಂಸಾರದ ಹಾಗೆ ಜೊತೆಗಿದ್ದವಳು, ಇವರೂ ಕೇಳಬಹುದು.

ಮನೆ ಯಾರ ಹೆಸರಿನಲ್ಲಿದೆ ಅನ್ನುವುದು ಎಲ್ಲರಿಗೂ ಇರುವ ಭಯ. ಮನೆ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೂ ನೀವು ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ನಿಮಗಿದೆ. ಆ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅಂಥ ಹಕ್ಕು ಕೇಳಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅರ್ಜಿಯನ್ನು ಈ ಕಾಯ್ದೆಯ ಕೆಲಸಕ್ಕೆ ನೇಮಿಸಿದ ಸಂರಕ್ಷಣಾಧಿಕಾರಿಯ ಮೂಲಕ ಕೊಡಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಸಿಡಿಪಿಒ (ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಆ ಅಧಿಕಾರಿ, ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಆ ಕಚೇರಿ ಎಲ್ಲಿದೆ ಅಂತ ಹೇಳುತ್ತಾರೆ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಇಡಬೇಕು, 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ. ನಿಜದಲ್ಲಿ ಜಾಸ್ತಿ ಹಿಡಿಯುತ್ತದೆ, ಸುಮ್ನೆ ಆಸೆ ಹುಟ್ಟಿಸಲು ನಮಗೆ ಮನಸ್ಸಿಲ್ಲ. ಅದಕ್ಕೇ ಕೇಸು ಮುಗಿಯುವವರೆಗಿನ ಮಧ್ಯಂತರ ಆದೇಶವನ್ನು ಮೊದಲ ಅರ್ಜಿಯಲ್ಲೇ ಕೇಳಿಸುತ್ತೇವೆ.

ವಕೀಲರಿಗೆ ಕೊಡಲು ದುಡ್ಡಿಲ್ಲ.

ಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟೇ ಇರಲಿ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿಯ ಕಚೇರಿ ಇರುತ್ತದೆ. ಫೋನಿನಲ್ಲಾದರೆ 15100. ಉಚಿತ ವಕೀಲರು ಚೆನ್ನಾಗಿ ನಡೆಸಲ್ಲ ಅನ್ನುವ ಮಾತಿದೆ. ಚೆನ್ನಾಗಿ ನಡೆಸುವವರನ್ನೂ ನೋಡಿದ್ದೇವೆ, ತಾರೀಖಿಗೇ ಬಾರದವರನ್ನೂ ನೋಡಿದ್ದೇವೆ. ಸರಿಹೋಗದಿದ್ದರೆ ಬೇರೆಯವರನ್ನು ಕೊಡಿ ಅಂತ ಅದೇ ಸಮಿತಿಗೆ ಬರೆದು ಕೇಳಬಹುದು.

ಠಾಣೆಯಲ್ಲಿ ದೂರು ತೆಗೆದುಕೊಳ್ಳಲಿಲ್ಲ. "ಮನೆ ವಿಷಯ, ಮನೆಯಲ್ಲೇ ಮುಗಿಸಿಕೊಳ್ಳಿ" ಅಂದರು.

ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಾದರೂ ತೆಗೆದುಕೊಳ್ಳಬೇಕು, "ನಮ್ಮ ಗಡಿಯಲ್ಲ" ಅನ್ನುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು ಬರಹದಲ್ಲೇ ಇದೆ. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಉಚಿತ. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಎಸ್‌ಪಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆಗಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ಹೆಂಗಸರನ್ನು ಸಾಕ್ಷಿ ಹೇಳಿಕೆಗೆ ಅಂತ ಠಾಣೆಗೆ ಕರೆಸಿಕೊಳ್ಳುವ ಹಾಗಿಲ್ಲ, ಅವರೇ ಮನೆಗೆ ಬರಬೇಕು.

ರಾಜಿ ಪಂಚಾಯ್ತಿ ಮಾಡಿಸುತ್ತೀರಾ?

ಇಲ್ಲ. ನೊಂದವಳಿಗೇ ಮಾತುಕತೆ ಬೇಕಿದ್ದರೆ ಜೊತೆಗಿರುತ್ತೇವೆ, ಆದರೆ ಹೊಂದಿಕೊಂಡು ಹೋಗು ಅನ್ನುವ ಮಾತು ನಮ್ಮ ಬಾಯಿಂದ ಬರುವುದಿಲ್ಲ. ಅದನ್ನು ಹೇಳಲು ಊರಿಗೆ ಊರೇ ಇದೆ.

ಅಪ್ಪನ ಆಸ್ತಿಯಲ್ಲಿ ನನಗೆ ಪಾಲು ಇದೆಯಾ? ಮದುವೆಯಲ್ಲಿ ಖರ್ಚು ಮಾಡಿಬಿಟ್ಟಿದ್ದಾರೆ.

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹೊಡೆತದ ಪ್ರಶ್ನೆಗಿಂತ ಮೆಲ್ಲಗಿನ ದನಿಯಲ್ಲಿ ಕೇಳುತ್ತಾರೆ.

ಹಿಂದೂ ಕಾನೂನಿಗೆ ಬರುವವರ ವಿಷಯ ಮೊದಲು. 2005ರ ತಿದ್ದುಪಡಿ ಆ ವರ್ಷದ ಸೆಪ್ಟೆಂಬರ್ 9ರಿಂದ ಜಾರಿಗೆ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಹುಟ್ಟಿನಿಂದಲೇ. ಮದುವೆಯಾಗಿದ್ದರೂ ಅಷ್ಟೇ. ಅದಕ್ಕೂ ಮೊದಲು, 1994ರಲ್ಲಿ, ಕರ್ನಾಟಕ ತನ್ನದೇ ತಿದ್ದುಪಡಿ ತಂದಿತ್ತು, ಆದರೆ ಅದು ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ ಇತ್ತು. "ನಿನಗೆ 94ಕ್ಕಿಂತ ಮುಂಚೆ ಮದುವೆಯಾಗಿದೆ, ಪಾಲಿಲ್ಲ" ಅಂತ ಅಣ್ಣತಮ್ಮಂದಿರು ಈಗಲೂ ಹೇಳುವುದು ಅದೇ ಹಳೆಯ ಲೆಕ್ಕದಲ್ಲಿ. 2005ರಲ್ಲಿ ಅಪ್ಪ ಬದುಕಿದ್ದರಷ್ಟೇ ಪಾಲು ಅನ್ನುವ ಗೊಂದಲವೂ ಇತ್ತು. ಅಪ್ಪ ಆಗ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು ಆ ಗೊಂದಲ ಮುಗಿಸಿತು. ಒಂದು ಮಿತಿ ಇದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ವಿಭಾಗ ಅಥವಾ ಕೋರ್ಟಿನ ಡಿಕ್ರಿಯ ಮೂಲಕ ಆದ ವಿಭಾಗ ಇದ್ದರೆ ಅದನ್ನು ಕದಲಿಸಲು ಆಗುವುದಿಲ್ಲ.

ಅಪ್ಪ ಸ್ವಂತ ದುಡಿದು ಕೊಂಡ ಆಸ್ತಿ ಬೇರೆ. ಅದನ್ನು ಅವರು ಯಾರಿಗೆ ಬೇಕಾದರೂ ವಿಲ್ ಬರೆಯಬಹುದು. ವಿಲ್ ಇಲ್ಲದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅವರ ತಾಯಿ ಬದುಕಿದ್ದರೆ ಆಕೆ, ಎಲ್ಲರಿಗೂ ಸಮಪಾಲು. ಮುಸ್ಲಿಂ ಕಾನೂನಿನಲ್ಲಿ ಗಂಡುಮಕ್ಕಳು ಇರುವಾಗ ಮಗಳಿಗೆ ಮಗನ ಪಾಲಿನ ಅರ್ಧ. ಕ್ರೈಸ್ತರಿಗೆ 1925ರ ಉತ್ತರಾಧಿಕಾರ ಕಾಯ್ದೆ, ಅಲ್ಲಿ ಮಗ ಮಗಳು ಸಮ.

ಮದುವೆ ಖರ್ಚು ಪಾಲು ಆಗುವುದಿಲ್ಲ. ಹಾಗೆ ಲೆಕ್ಕ ಹಾಕುವುದಾದರೆ ಅಣ್ಣನ ಮದುವೆಯ ಖರ್ಚನ್ನೂ ಹಾಕಬೇಕು.

ಕೈಮೀರುವುದು ಎಲ್ಲಿ ಅಂದರೆ, ಪಾಲು ಬಿಟ್ಟುಕೊಟ್ಟೆ ಅಂತ ಬರೆದುಕೊಡುವ ಹಕ್ಕು ಬಿಡುಗಡೆ ಪತ್ರದಲ್ಲಿ. ಅಪ್ಪನ ತಿಥಿಗೆ ಬಂದವಳನ್ನು, "ಪೌತಿ ಖಾತೆಗೆ ಸಹಿ ಬೇಕು, ಬಾ", ಅಂದರೆ ತೀರಿಕೊಂಡ ಅಪ್ಪನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕು, ಅಂತ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗುತ್ತಾರೆ. ಒಂದು ಸೀರೆ, ಒಂದಿಷ್ಟು ದುಡ್ಡು, ಅರಿಶಿನ ಕುಂಕುಮ. ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ ಹಾಕಿದ್ದು ಏನು ಅಂತ. ನೋಂದಣಿಯಾದ ಪತ್ರವನ್ನು ರದ್ದು ಮಾಡಿಸುವುದು ಕಷ್ಟದ ಕೆಲಸ, ಮೋಸ ಅಂತ ಕೋರ್ಟಿನಲ್ಲಿ ತೋರಿಸಬೇಕು. ಪೌತಿ ಖಾತೆಯ ಅರ್ಜಿಯೇ ಬೇರೆ, ಬಿಡುಗಡೆ ಪತ್ರವೇ ಬೇರೆ. ವಂಶವೃಕ್ಷದಲ್ಲಿ ನಿಮ್ಮ ಹೆಸರು ಇದೆಯೇ ಅಂತ ಮೊದಲು ನೋಡಿ. ಬಿಟ್ಟಿದ್ದರೆ ತಹಶೀಲ್ದಾರರಿಗೆ ತಕರಾರು ಅರ್ಜಿ ಕೊಡಿ. ಪಹಣಿಯಲ್ಲಿ ಅಣ್ಣನ ಹೆಸರು ಮಾತ್ರ ಬಂದ ಮಾತ್ರಕ್ಕೆ ನಿಮ್ಮ ಹಕ್ಕು ಸತ್ತುಹೋಗುವುದಿಲ್ಲ, ಪಾಲು ತೀರ್ಮಾನ ಮಾಡುವುದು ಸಿವಿಲ್ ಕೋರ್ಟು.

ತವರು ಮುರಿದುಹೋಗುತ್ತೆ ಅನ್ನುವ ಭಯಕ್ಕೆ ನಮ್ಮ ಬಳಿ ಕಾಯ್ದೆ ಇಲ್ಲ. ಪಾಲು ಕೇಳಿಯೂ ಹಬ್ಬಕ್ಕೆ ಹೋಗಿ ಬರುವವರು ಇದ್ದಾರೆ. ಕೇಳದೆ ಸಹಿ ಹಾಕಿಕೊಟ್ಟು, ಆಮೇಲೆ ಕರೆಯುವವರೇ ಇಲ್ಲದಾದವರೂ ಇದ್ದಾರೆ. ಬಿಟ್ಟುಕೊಡುತ್ತೇನೆ ಅಂದರೆ ಅದು ನಿಮ್ಮಿಷ್ಟ, ಆದರೆ ಏನು ಬಿಡುತ್ತಿದ್ದೇನೆ ಅಂತ ಓದಿ ಬಿಡಿ.

ಪಕ್ಕದ ಮನೆಯಲ್ಲಿ ಹತ್ತನೇ ಕ್ಲಾಸಿನ ಹುಡುಗಿಗೆ ಮದುವೆ ಗೊತ್ತು ಮಾಡಿದ್ದಾರೆ. ನನ್ನ ಹೆಸರು ಬರಬಾರದು.

ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ, ನಿಮ್ಮ ಹೆಸರು ಬೇಕಿಲ್ಲ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಸಿಡಿಪಿಒ, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ತಹಶೀಲ್ದಾರ್ ಮುಂತಾದವರಿಗೆ ಮದುವೆ ತಡೆಯುವ ಅಧಿಕಾರ ಇದೆ. ಮದುವೆಗೆ ಮೊದಲೇ ಮ್ಯಾಜಿಸ್ಟ್ರೇಟ್ ತಡೆಯಾಜ್ಞೆಯನ್ನೂ ಕೊಡಬಹುದು. ಬಹಳಷ್ಟು ಬೇರೆ ರಾಜ್ಯಗಳ ಹಾಗಲ್ಲದೆ ಕರ್ನಾಟಕದ ತಿದ್ದುಪಡಿಯಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಿಗೆ ಆ ಮದುವೆ ಆಗಿಯೇ ಇಲ್ಲ.

ಮಂಟಪಕ್ಕೆ ಪೊಲೀಸರನ್ನು ಕರೆದುಕೊಂಡು ಹೋಗುವುದು ಕೊನೆಯ ದಾರಿ. ಅಡುಗೆಯೆಲ್ಲ ಆಗಿ, ನೆಂಟರೆಲ್ಲ ಬಂದು ಕೂತ ಮೇಲೆ ನಿಂತ ಮದುವೆಯ ಅವಮಾನ ಆ ಹುಡುಗಿಯ ತಲೆ ಮೇಲೆಯೇ ಬೀಳುತ್ತದೆ. ಗೊತ್ತು ಮಾಡಿದ ಸುದ್ದಿ ಸಿಕ್ಕಾಗಲೇ ಹೇಳಿ. ನಿಂತ ಮೇಲೂ ಕೆಲಸ ಮುಗಿಯಲ್ಲ. ಆ ಹುಡುಗಿ ಮತ್ತೆ ಶಾಲೆಗೆ ಹೋಗುತ್ತಿದ್ದಾಳಾ ಅಂತ ನೋಡದಿದ್ದರೆ, ಆರು ತಿಂಗಳಲ್ಲಿ ಇನ್ನೊಂದು ಊರಿನ ದೇವಸ್ಥಾನದಲ್ಲಿ ಗುಟ್ಟಾಗಿ ಮದುವೆ ಮುಗಿದಿರುತ್ತದೆ.

ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಕಾಟ. ಎಲ್ಲಿ ಹೇಳಲಿ?

10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಇದು ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಸಮಿತಿಯ ಮುಖ್ಯಸ್ಥೆ ಹೆಂಗಸೇ ಆಗಿರಬೇಕು, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರಿರಬೇಕು, ಹೊರಗಿನ ಒಬ್ಬ ಸದಸ್ಯರೂ ಬೇಕು. ಘಟನೆಯಾದ 3 ತಿಂಗಳೊಳಗೆ ಬರೆದುಕೊಡಿ. ಬರೆಯಲು ಬಾರದಿದ್ದರೆ ಸಮಿತಿಯೇ ಬರೆಯಲು ಸಹಾಯ ಮಾಡಬೇಕು. ದುಡ್ಡು ಕೊಟ್ಟು ಮುಚ್ಚಿಹಾಕುವ ರಾಜಿ ನಡೆಯುವುದಿಲ್ಲ, ಅದೂ ಕಾಯ್ದೆಯಲ್ಲೇ ಇದೆ. ಮನೆಗೆಲಸ ಮಾಡುವವರಿಗೆ, ಸಣ್ಣ ಅಂಗಡಿಯಲ್ಲಿ ಇರುವವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ.

ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ನೀವು ಕೊಟ್ಟರೆ ಮಾತ್ರ ಆಗುತ್ತಾ?

ನಮಗೇನು ಕೊಂಬಿಲ್ಲ. ನಾವು ಮಾಡುವುದು ಒಂದೇ, ಬಾಯಲ್ಲಿ ಹೇಳಿ ಬರುವುದನ್ನು ನಿಲ್ಲಿಸಿದ್ದೇವೆ. "ಸಾರ್‌ಗೆ ಹೇಳಿದ್ದೀನಿ, ಮಾಡ್ತೀನಿ ಅಂದರು" ಅನ್ನುವುದಕ್ಕೆ ಯಾವ ಬೆಲೆಯೂ ಇಲ್ಲ. ಆ ಸಾರ್‌ಗೆ ವರ್ಗವಾದರೆ ಮಾತೂ ಅವರ ಜೊತೆ ಹೋಗುತ್ತದೆ.

ಅರ್ಜಿ ಎರಡು ಪ್ರತಿ ಬರೆಯಿರಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಹಾಕದಿದ್ದರೆ ಪೋಸ್ಟಿನಲ್ಲಿ ಕಳಿಸಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ. ನಲ್ಲಿ, ಲೈಟು, ಪೆನ್ಷನ್ ಎಲ್ಲ ಒಂದರಲ್ಲೇ ಬರೆದರೆ ಯಾರ ಟೇಬಲ್ಲಿಗೂ ಸರಿಯಾಗಿ ಹೋಗುವುದಿಲ್ಲ. ಕಷ್ಟವನ್ನೆಲ್ಲ ಮೂರು ಪುಟ ಬರೆಯಬೇಡಿ, ಏನು ಆಗಬೇಕು ಅನ್ನುವುದು ಮೊದಲ ಸಾಲಿನಲ್ಲೇ ಬರಲಿ.

ಜಾತಿ ಆದಾಯ ಪ್ರಮಾಣಪತ್ರ, ಪೆನ್ಷನ್ ಇಂಥವೆಲ್ಲ 'ಸಕಾಲ' ಕಾಯ್ದೆಯೊಳಗೆ ಬರುತ್ತವೆ, ಅಂದರೆ ಗೊತ್ತುಮಾಡಿದ ದಿನದೊಳಗೆ ಮಾಡಿಕೊಡಬೇಕು. 2011ರ ಕಾಯ್ದೆ ಅದು. ಅರ್ಜಿ ಕೊಟ್ಟಾಗ 15 ಅಂಕಿಯ ನಂಬರ್ ಇರುವ ಚೀಟಿ ಕೊಡಬೇಕು. ಗೊತ್ತುಮಾಡಿದ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ದುಡ್ಡು ಸಣ್ಣದು, ಆದರೆ "ಸಕಾಲ ನಂಬರ್ ಕೊಡಿ" ಅಂದ ಕೂಡಲೇ ಕೌಂಟರಿನವರ ಮುಖ ನೋಡಬೇಕು ನೀವು.

ಅದೂ ಆಗದಿದ್ದರೆ ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡಿದ್ದರೆ ಅದೂ ಬೇಡ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಮೇಲ್ಮನವಿ. "ನನ್ನ ಅರ್ಜಿ ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, ಅದಕ್ಕೆ ಜಾರಿಕೊಳ್ಳುವ ಉತ್ತರ ಬರುತ್ತದೆ. "ಇಂಥ ತಾರೀಖಿನ ನನ್ನ ಅರ್ಜಿಯ ಕಡತದ ಎಲ್ಲ ಪುಟಗಳ ನಕಲು ಕೊಡಿ" ಅಂತ ಕೇಳಿ. ಕಡತ ಯಾರ ಟೇಬಲ್ಲಿನಲ್ಲಿ ಮಲಗಿದೆ ಅಂತ ಅದೇ ಹೇಳುತ್ತದೆ.

ಗ್ರಾಮಸಭೆಗೆ ಹೋದರೆ ಗಲಾಟೆ, ನಮ್ಮ ಮಾತು ಕೇಳುವವರಿಲ್ಲ.

ಒಬ್ಬೊಬ್ಬರೇ ಹೋದರೆ ಕೇಳಲ್ಲ. ಮುಂದಿನ ಸಾಲಿನಲ್ಲೇ ಹದಿನೈದು ಜನ ಕೂತರೆ ಕೇಳುತ್ತಾರೆ. ಹಾಜರಾದವರಲ್ಲಿ ಕನಿಷ್ಠ ಶೇ 30 ಹೆಂಗಸರಿರಬೇಕು ಅನ್ನುವುದು ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ನೀವು ಹೇಳಿದ್ದು ನಡಾವಳಿ ಪುಸ್ತಕಕ್ಕೆ ಬಂತಾ ಅಂತ ನೋಡಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಖಾಲಿ ಪುಟಕ್ಕೆ ಹಾಜರಿ ಸಹಿ ಬೇಡವೇ ಬೇಡ. ಮಹಿಳಾ ಗ್ರಾಮಸಭೆ ಬೇರೆಯಾಗಿ ನಡೆಯಬೇಕು, ಅದರ ತಾರೀಖನ್ನು ಪಿಡಿಒ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿದೆ. ಈಗ ಓದಬಹುದಾ?

ಖಂಡಿತ. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಬಹುದು. ಪಿಯುಸಿ ಆದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ, 1996ರಿಂದ. ಫಾರ್ಮ್ ತುಂಬಲು, ಗಣಿತ ಹೇಳಿಕೊಡಲು ನಮ್ಮಲ್ಲಿ ನಿವೃತ್ತ ಟೀಚರುಗಳಿದ್ದಾರೆ. ಮಗಳ ಜೊತೆ ಅಮ್ಮನೂ ಪರೀಕ್ಷೆ ಬರೆದರೆ ಯಾರು ನಗುತ್ತಾರೋ ನಗಲಿ.

ಗಂಡಸರು ಬರಬಹುದಾ?

ತೆರೆದ ಕಾರ್ಯಕ್ರಮಗಳಿಗೆ ಬರಬಹುದು, ಕುರ್ಚಿ ಜೋಡಿಸಲು ಇನ್ನೂ ಒಳ್ಳೆಯದು. ತಿಂಗಳ ಸಭೆಗೆ ಬೇಡ.

ನಾನು ಹೇಳಿದ್ದು ಊರಿಗೆಲ್ಲ ಗೊತ್ತಾಗುತ್ತಾ?

ಸಭೆಯಲ್ಲಿ ಫೋಟೊ, ವಿಡಿಯೊ, ಸ್ಟೇಟಸ್ ಹಾಕುವುದು ಇಲ್ಲ. ಯಾರ ಕಥೆಯನ್ನೂ ಅವರು ಒಪ್ಪದೆ ಇನ್ನೊಬ್ಬರಿಗೆ ಹೇಳುವುದಿಲ್ಲ. ಇದನ್ನು ಮುರಿದವರನ್ನು ಗುಂಪಿನಿಂದ ಕೈಬಿಟ್ಟಿದ್ದೇವೆ. ವಾಟ್ಸಾಪ್ ಗುಂಪಿನಲ್ಲಿ ಸಭೆಯ ತಾರೀಖು, ಜಾಗ ಬಿಟ್ಟು ಬೇರೇನೂ ಬರುವುದಿಲ್ಲ, ಯಾಕೆಂದರೆ ಎಷ್ಟೋ ಜನರ ಫೋನು ಗಂಡನ ಕೈಯಲ್ಲಿ ಇರುತ್ತದೆ.

ದುಡ್ಡು ಎಲ್ಲಿಂದ ಬರುತ್ತದೆ?

ನಮ್ಮ ಜೇಬಿನಿಂದ. ಆದವರು ಹಾಕುತ್ತಾರೆ, ಆಗದವರು ಹಾಕುವುದಿಲ್ಲ. ಜೆರಾಕ್ಸ್, ಪೋಸ್ಟು, ಚಹಾ, ಇಷ್ಟೇ ದೊಡ್ಡ ಖರ್ಚು. ಲೆಕ್ಕದ ಪುಸ್ತಕವನ್ನು ಪ್ರತಿ ಸಭೆಯಲ್ಲೂ ಜೋರಾಗಿ ಓದುತ್ತೇವೆ, ಓದುವ ಪಾಳಿ ಹೊಸದಾಗಿ ಓದು ಕಲಿತವರದ್ದು.

ನಮ್ಮ ಊರಿನಲ್ಲೂ ಶುರು ಮಾಡಬೇಕು. ನೋಂದಣಿ ಬೇಕಾ?

ಮೊದಲ ದಿನವೇ ಬೇಡ. ನೋಂದಣಿ ಮಾಡಿಸಿದರೆ ಅಧ್ಯಕ್ಷೆ ಯಾರು, ಕಾರ್ಯದರ್ಶಿ ಯಾರು ಅನ್ನುವ ಜಗಳಕ್ಕೇ ಮೊದಲ ವರ್ಷ ಹೋಗುತ್ತದೆ. ಮುಂದೆ ಬ್ಯಾಂಕ್ ಖಾತೆ ಬೇಕಾದಾಗ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಮಾಡಿಸಿ, ಕನಿಷ್ಠ 7 ಜನ ಬೇಕು, ಬೈಲಾ (ಸಂಘದ ನಿಯಮಗಳು) ಬೇಕು, ವರ್ಷ ವರ್ಷ ಲೆಕ್ಕ ಸಲ್ಲಿಸಬೇಕು.

ಅಲ್ಲಿಯವರೆಗೆ ಐದಾರು ಜನ ಸಾಕು. ಅಂಗನವಾಡಿಯೋ ಶಾಲೆಯೋ ದೇವಸ್ಥಾನದ ಜಗಲಿಯೋ, ಎಲ್ಲ ಜಾತಿಯವರೂ ಮುಜುಗರವಿಲ್ಲದೆ ಬರಬಹುದಾದ ಜಾಗ ಹುಡುಕಿ. ಯಾರದೋ ಮನೆಯಲ್ಲಿ ಬೇಡ, ಮನೆ ಅಂದರೆ ಬರುವವರು ಬರದಿರುವವರು ಅಂತ ಆಗಿಬಿಡುತ್ತದೆ. ಮೊದಲ ಕೆಲಸ ಚಿಕ್ಕದಿರಲಿ, ಕಣ್ಣಿಗೆ ಕಾಣುವಂಥದ್ದಿರಲಿ. ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು, ಬಸ್ ಸ್ಟ್ಯಾಂಡಿಗೆ ಲೈಟು, ಇಂಥದ್ದು. ಆಸ್ತಿ, ಹೊಡೆತದ ವಿಷಯಗಳನ್ನು ನೀವು ಹುಡುಕಿಕೊಂಡು ಹೋಗಬೇಕಿಲ್ಲ, ಆ ಲೈಟು ಬಂದ ಮೇಲೆ ಅವೇ ಬರುತ್ತವೆ.

ಮೊದಲ ಸಲ ಬರುವಾಗ ಏನು ತರಬೇಕು?

ಏನೂ ಬೇಡ. ಕಾಗದದ ವಿಷಯವಿದ್ದರೆ ಜೆರಾಕ್ಸ್ ತನ್ನಿ, ಮೂಲಪ್ರತಿ ಮನೆಯಲ್ಲೇ ಇರಲಿ, ನಮಗೂ ಕೊಡಬೇಡಿ. ಸಣ್ಣ ಮಕ್ಕಳನ್ನು ಕರೆದುಕೊಂಡು ಬರಬಹುದು.